ಮಾಳಿಗೆ ಮನೆಯ ಬೆಕ್ಕು: ಕೊಪ್ಪಳ ಸೀಮೆಯಲ್ಲಿ ಮನೆ ದುರಸ್ತಿ ಮತ್ತು ಸಾಕುಬೆಕ್ಕಿನ ಜೋಪಾನ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಮನೆಗಳಿಗೆ ದುರಸ್ತಿ ವರ್ಷ ವರ್ಷದ ಕೆಲಸವಾಗಿತ್ತು. ಮುಂಗಾರಿಗೆ ಮೊದಲು ಮಾಳಿಗೆಗೆ ಮಣ್ಣು ಹೊರಬೇಕು, ಮಹಾನವಮಿಗೆ ಮೊದಲು ಗೋಡೆಗೆ ಸುಣ್ಣ ಬಳಿಯಬೇಕು, ನಡುನಡುವೆ ನೆಲಕ್ಕೆ ಸಗಣಿ ಸಾರಿಸಬೇಕು. ಇಷ್ಟೆಲ್ಲ ನಡೆಯುವಾಗಲೂ ಮನೆಯ ಬೆಕ್ಕು ಮನೆಯಲ್ಲೇ ಇರುತ್ತಿತ್ತು. ಒಂದು ಅಂಕಣದಲ್ಲಿ ಕೆಲಸ ಸಾಗಿದ್ದರೆ ಇನ್ನೊಂದು ಅಂಕಣ ಅದಕ್ಕೆ ತೆರವಿರುತ್ತಿತ್ತು. ಅದೂ ಬೇಡವೆನಿಸಿದರೆ ಮಾಳಿಗೆ ಏರಿ ನೆರೆಮನೆಗೆ ಹೋಗುತ್ತಿತ್ತು. ಬೆಕ್ಕಿನ ಜೋಪಾನದ ಅರ್ಧ ಭಾರವನ್ನು ಆ ಮನೆಯ ಕಟ್ಟಡವೇ ಹೊತ್ತಿತ್ತು. ಸಿಮೆಂಟು, ಕಬ್ಬಿಣ, ರಾಸಾಯನಿಕ ಬಣ್ಣಗಳು ಬಂದ ಮೇಲೆ ಆ ಭಾರ ಪೂರ್ತಿಯಾಗಿ ಮನೆಯವರ ಮೇಲೆ ಬಿದ್ದಿದೆ. ಈ ಬದಲಾವಣೆ ನಡೆದದ್ದು ಹೇಗೆಂದು ತಿಳಿಯಲು ಮೊದಲು ಮಾಳಿಗೆ ಮನೆಯ ರಚನೆಯನ್ನು ನೋಡಬೇಕು.

ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಒಣನಾಡಿಗೆ ಹೊಂದುವುದು ಚಪ್ಪಟೆ ಮಣ್ಣಿನ ಮಾಳಿಗೆ. ಎರಡು-ಮೂರು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಒಳಗೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಜಂತಿಗಳ ಮೇಲೆ ಸೀಳಿದ ಕಟ್ಟಿಗೆ ಜೋಡಿಸಿ, ಸೊಪ್ಪು-ಹುಲ್ಲು ಹಾಸಿ, ಅದರ ಮೇಲೆ ಮಣ್ಣು ಹೊದಿಸಿ ತುಳಿದು ಗಟ್ಟಿ ಮಾಡುತ್ತಿದ್ದರು. ಕಟ್ಟಕಡೆಯ ಪದರಕ್ಕೆ ಬೆಳೆ ಬಾರದ ಕರಲು ಮಣ್ಣನ್ನೇ ಹುಡುಕಿ ತರುತ್ತಿದ್ದರು. ಸವಳು ತುಂಬಿದ ಆ ಜೇಡಿಯ ಕಣಗಳು ಮಳೆನೀರು ತಾಗಿದ ಕೂಡಲೇ ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಹೀಗಾಗಿ ಹೊಲಕ್ಕೆ ಶಾಪವಾದ ಮಣ್ಣು ಮಾಳಿಗೆಗೆ ವರವಾಯಿತು. ಗೋಡೆಗಳಲ್ಲಿ ಕಿಟಕಿ ಕಡಿಮೆ. ಬೆಳಕು-ಗಾಳಿಗೆ ಮಾಳಿಗೆಯಲ್ಲಿ ಬೆಳಕಿಂಡಿ ಬಿಡುತ್ತಿದ್ದರು. ಮಳೆ ಬಂದಾಗ ಅದರ ಮೇಲೆ ಗಡಿಗೆಯನ್ನೋ ಹಾಸುಗಲ್ಲನ್ನೋ ಮುಚ್ಚಿದರಾಯಿತು.

ಇಂಥ ಮನೆ ಬೆಕ್ಕಿಗೆ ಹೇಳಿ ಮಾಡಿಸಿದಂತಿತ್ತು. ಒಂದು ಓಣಿಯ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿರುತ್ತಿದ್ದುದರಿಂದ ಮಾಳಿಗೆಗಳೆಲ್ಲ ಸೇರಿ ಒಂದೇ ಬಯಲು. ಕುಂಬಿ ಹಾರಿದರೆ ಮುಂದಿನ ಮನೆ, ಅದರಾಚೆ ಇನ್ನೊಂದು. ಕೆಳಗಿಳಿಯಲು ಬೆಳಕಿಂಡಿ, ಅಲ್ಲಿಂದ ಅಟ್ಟ, ಅಟ್ಟದಿಂದ ಕಾಳಿನ ಚೀಲಗಳ ಮೇಲೆ, ಮುಂದೆ ಪಡಸಾಲೆ. ಬಾಗಿಲು ಹಾಕಿದ್ದರೂ ಬೆಕ್ಕಿಗೆ ಮನೆ ತೆರೆದೇ ಇರುತ್ತಿತ್ತು. ದನ ಕಟ್ಟುವ ಜಾಗವೂ ಮನೆಯೊಳಗೇ ಇದ್ದದ್ದರಿಂದ ಹಾಲು ಕರೆಯುವ ಹೊತ್ತಿಗೆ ಅದಕ್ಕೊಂದು ಪಾಲು ಸಿಗುತ್ತಿತ್ತು. ಹಾಲು, ಬೆಣ್ಣೆ, ತುಪ್ಪದ ಗಡಿಗೆಗಳನ್ನು ಜಂತಿಗೆ ಇಳಿಬಿಟ್ಟ ನೆಲವಿನಲ್ಲಿ ತೂಗುಹಾಕುತ್ತಿದ್ದರು. ಬೆಕ್ಕನ್ನು ಮನೆಯಿಂದ ಓಡಿಸದೆ ಪದಾರ್ಥವನ್ನು ಮೇಲೇರಿಸಿ ಇಬ್ಬರ ಹಿತವನ್ನೂ ಕಾಯ್ದ ಉಪಾಯ ಅದು.

ಬೆಕ್ಕು ಮನೆಗೆ ಬೇಕಾದದ್ದು ಕಾಳಿನ ಕಾರಣಕ್ಕೆ. ಯಲಬುರ್ಗಾ, ಕುಷ್ಟಗಿಗಳ ಬೆದ್ದಲು ಹೊಲಗಳಲ್ಲಿ ಜೋಳ, ಸಜ್ಜೆ, ನವಣೆ, ಕಡಲೆ ಬೆಳೆಯುತ್ತಿದ್ದವು. ಮಳೆ ಕೈಕೊಡುವುದು ಇಲ್ಲಿ ಹೊಸದಲ್ಲ. 1791-92ರ ಡೋಗಿ ಬರ, 1876-78ರ ಮಹಾಕ್ಷಾಮ ಎರಡೂ ಈ ಸೀಮೆಯನ್ನು ಹಣ್ಣು ಮಾಡಿದವು. ಒಂದು ವರ್ಷದ ಬೆಳೆಯನ್ನು ಎರಡು-ಮೂರು ವರ್ಷ ಕಾಪಾಡಿಕೊಳ್ಳುವ ಮನೆಯೇ ಬರವನ್ನು ದಾಟುತ್ತಿತ್ತು. ನೆಲದೊಳಗೆ ತೋಡಿದ ಹಗೇವಿನಲ್ಲಿ ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದರೆ ಗಾಳಿಯಾಡದೆ ಕಾಳು ಕೆಡುತ್ತಿರಲಿಲ್ಲ. ನಿತ್ಯದ ಬಳಕೆಯ ಕಾಳು ಮಾತ್ರ ಮೇಲೆ ಇರಲೇಬೇಕು. ಅದಕ್ಕೆ ಇಲಿ, ಹೆಗ್ಗಣಗಳ ಕಾಟ. ಕಲ್ಲು-ಮಣ್ಣಿನ ಗೋಡೆಯಲ್ಲಿ ಅವು ಬಿಲ ತೋಡುವುದು ಸುಲಭ, ಹಿಡಿಯುವುದು ಕಷ್ಟ. ಅಲ್ಲಿ ಬೆಕ್ಕೊಂದೇ ಕಾವಲು.

ಬೆಕ್ಕು ಮನುಷ್ಯನ ಬಳಿ ಬಂದದ್ದೂ ಕಾಳಿನ ಹಾದಿಯಲ್ಲೇ. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಬೇರೂರಿ, ಕಣಜಕ್ಕೆ ಇಲಿ ಬಂದು, ಇಲಿಯ ಹಿಂದೆ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕಿನ ಎಲುಬುಗಳು ಸುಮಾರು 9,500 ವರ್ಷ ಹಳೆಯವು. ಸಿಂಧೂ ಕಣಿವೆಯ ಚನ್ಹುದಾರೋದಲ್ಲಿ ಅರ್ನೆಸ್ಟ್ ಮೆಕೇ 1935-36ರಲ್ಲಿ ನಡೆಸಿದ ಉತ್ಖನನದಲ್ಲಿ ಸಿಕ್ಕ ಒಂದು ಇಟ್ಟಿಗೆ ಈ ವಿಷಯಕ್ಕೆ ತೀರ ಹತ್ತಿರದ್ದು. ಅದು ಹಸಿಯಾಗಿ ಒಣಗಲು ಬಿದ್ದಿದ್ದಾಗ ಬೆಕ್ಕೊಂದು ಅದರ ಮೇಲೆ ಓಡಿದೆ, ಅದನ್ನು ಅಟ್ಟಿಕೊಂಡು ನಾಯಿಯೊಂದು ಓಡಿದೆ. ಎರಡರ ಹೆಜ್ಜೆಗಳೂ ಅಚ್ಚೊತ್ತಿವೆ. ಕಟ್ಟಡ ಕೆಲಸದ ಜಾಗದಲ್ಲಿ ಬೆದರಿ ಓಡುವ ಬೆಕ್ಕು ಭಾರತ ಉಪಖಂಡದಲ್ಲಿ ನಾಲ್ಕು ಸಾವಿರ ವರ್ಷಗಳಷ್ಟಾದರೂ ಹಳೆಯ ನೋಟ.

ಕೊಪ್ಪಳ ಸೀಮೆಯಲ್ಲಿ ಮಾಳಿಗೆ ಕೆಲಸದ ಕಾಲ ಯುಗಾದಿಯಿಂದ ಮೃಗಶಿರಾ ಮಳೆಯವರೆಗೆ. ಹೊಲದ ಕೆಲಸ ಮುಗಿದಿರುತ್ತದೆ, ಕೈಗಳು ಬಿಡುವಾಗಿರುತ್ತವೆ, ಮಣ್ಣು ಒಣಗಿರುತ್ತದೆ. ಹಿಂದಿನ ಮಳೆಗಾಲದಲ್ಲಿ ಮಾಳಿಗೆಯ ಮೇಲೆ ಬೆಳೆದು ಒಣಗಿದ ಹುಲ್ಲನ್ನು ಕಿತ್ತು, ಬಿರುಕುಗಳನ್ನು ತುಂಬಿ, ಹೊಸ ಮಣ್ಣಿನ ತೆಳು ಪದರ ಹರಡುತ್ತಿದ್ದರು. ಗೆದ್ದಲು ತಿಂದ ಜಂತಿಯಿದ್ದರೆ ಬಡಿಗರನ್ನು ಕರೆಸಿ ಅದೊಂದನ್ನೇ ಬದಲಿಸುತ್ತಿದ್ದರು. ಗೋಡೆಯ ಕೆಲಸಕ್ಕೆ ಗೌಂಡಿ, ಮಣ್ಣಿನ ಕೆಲಸಕ್ಕೆ ಉಪ್ಪಾರರು, ಕಲ್ಲಿಗೆ ಒಡ್ಡರು. ಮರ ದುಬಾರಿಯಾದ ನಾಡಿನಲ್ಲಿ ಬಿಚ್ಚಿದ ತೊಲೆ-ಕಂಬಗಳು ಮತ್ತೆ ಬಳಕೆಗೆ ಬರುತ್ತಿದ್ದವು. ಕೆಲಸ ತುಂಡು ತುಂಡಾಗಿ, ನಿಧಾನವಾಗಿ, ಮನೆಯವರೆಲ್ಲ ಒಳಗೇ ಇದ್ದು ಅಡುಗೆ-ಊಟ ಮಾಡುತ್ತ ಸಾಗುತ್ತಿತ್ತು. ಬೆಕ್ಕಿಗೆ ಪರಿಚಿತ ವಾಸನೆ ಒಂದೇ ದಿನದಲ್ಲಿ ಅಳಿಸಿಹೋಗುತ್ತಿರಲಿಲ್ಲ. ಈ ಪ್ರಾಣಿ ತನ್ನ ಇರುನೆಲೆಯನ್ನು ಗುರುತಿಸುವುದು ಮೂಗಿನಿಂದ. ಕೆನ್ನೆ, ಮೈ ಉಜ್ಜಿ ತನ್ನ ಗಂಧವನ್ನು ಕಂಬ-ಬಾಗಿಲುಗಳಿಗೆ ಹಚ್ಚಿರುತ್ತದೆ. ಒಂದು ಜಂತಿ ಹೋಗಿ ಇನ್ನೊಂದು ಬಂದರೆ ಅದಕ್ಕೆ ದೊಡ್ಡ ನಷ್ಟವಿಲ್ಲ.

ಮಹಾನವಮಿಯ ಮುಂಚಿನ ಸ್ವಚ್ಛತೆ ಇದಕ್ಕಿಂತ ದೊಡ್ಡ ಗಲಿಬಿಲಿ. ಮನೆಯ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ, ಕೌದಿಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುತ್ತಾರೆ, ಅಟ್ಟ ಝಾಡಿಸುತ್ತಾರೆ, ಗೋಡೆಗೆ ಸುಣ್ಣ, ತಳಕ್ಕೆ ಕೆಮ್ಮಣ್ಣು. ತಾಯಿಬೆಕ್ಕು ಮರಿ ಹಾಕಲು ಆರಿಸಿಕೊಳ್ಳುವುದು ಅಟ್ಟದ ಕತ್ತಲೆ ಮೂಲೆಯನ್ನು ಅಥವಾ ಮಡಚಿಟ್ಟ ಕೌದಿಗಳ ಸಂದನ್ನು. ಸ್ವಚ್ಛತೆ ಮೊದಲು ತಲುಪುವುದೂ ಅಲ್ಲಿಗೇ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತು ಕನ್ನಡ ನಾಡಿನ ಮನೆಮನೆಯಲ್ಲಿದೆ. ಗೂಡು ಕದಲಿದರೆ, ಅಪರಿಚಿತರ ಕೈ ತಾಗಿದರೆ, ಸದ್ದು ಹೆಚ್ಚಿದರೆ ತಾಯಿ ಕತ್ತಿನ ಹಿಂದಿನ ಚರ್ಮ ಕಚ್ಚಿ ಒಂದೊಂದೇ ಮರಿಯನ್ನು ಬೇರೆಡೆಗೆ ಸಾಗಿಸುತ್ತದೆ; ಮಾತಿನ ಹಿಂದಿರುವುದು ಈ ನಡವಳಿಕೆ. ಮನೆಯಲ್ಲಿ ಬೆಕ್ಕು ಮರಿ ಹಾಕುವುದು ಶುಭವೆಂಬ ನಂಬಿಕೆ ಇಂಥ ಹೊತ್ತಿನಲ್ಲಿ ಮರಿಗಳಿಗೆ ರಕ್ಷೆಯಾಯಿತು: ಮರಿಗಳಿರುವ ಮೂಲೆಯನ್ನು ಬಿಟ್ಟು ಉಳಿದ ಕೆಲಸ ಮುಗಿಸಲು ಅದೊಂದು ಒಪ್ಪಿತ ಕಾರಣ.

ಹಳೆಯ ದುರಸ್ತಿಯಲ್ಲಿ ಬೆಕ್ಕಿಗೆ ಅಪಾಯವೇ ಇರಲಿಲ್ಲ ಎಂದು ತಿಳಿಯುವುದು ಸರಿಯಲ್ಲ. ಉದಾಹರಣೆಗೆ ಸುಣ್ಣವೊಂದು ಸಾಕು. ಸುಟ್ಟ ಸುಣ್ಣದ ಹರಳಿಗೆ ನೀರು ಹಾಕಿದಾಗ ಅದು ಕುದಿಯುತ್ತ ಅರಳುತ್ತದೆ; ಅರಳಿದ ಮೇಲೂ ಅದರ ಕ್ಷಾರ ಚರ್ಮ ಸುಡುವಷ್ಟು ತೀಕ್ಷ್ಣ. ಹಸಿ ಸುಣ್ಣ ತುಳಿದ ಬೆಕ್ಕು ಪಾದ ನೆಕ್ಕಿಕೊಂಡರೆ ನಾಲಗೆ, ಗಂಟಲು ಸುಡುತ್ತವೆ. ಸುಣ್ಣ ಅರಳಿಸುವ ಹರವಿಯನ್ನು ಮುಚ್ಚಿಡುವುದು ಮಕ್ಕಳಿಗಾಗಿ ಮಾಡುತ್ತಿದ್ದ ಎಚ್ಚರಿಕೆ. ಬೆಕ್ಕಿಗೂ ಅದರಿಂದ ಉಪಕಾರವಾಗುತ್ತಿತ್ತು. ಇಂದಿನ ಹಸಿ ಸಿಮೆಂಟಿನ ಕ್ಷಾರಗುಣವೂ ಸುಣ್ಣದಷ್ಟೇ ಪ್ರಖರ. ಹಾಗಾಗಿ ಈ ಅಪಾಯ ಹಳೆಯ ಮನೆಯಿಂದ ಹೊಸ ಮನೆಗೆ ಹಾಗೆಯೇ ದಾಟಿ ಬಂದಿದೆ.

ಬೆಕ್ಕಿಗೆ ಕೇಡು ಬಗೆಯಬಾರದೆಂಬ ಕಟ್ಟುಪಾಡು ಈ ನಾಲ್ಕೂ ತಾಲ್ಲೂಕುಗಳಲ್ಲಿ ಎಲ್ಲ ಸಮುದಾಯಗಳಿಗೂ ಸೇರಿದ್ದು. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ಮಾತು ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಮನುಸ್ಮೃತಿ ಬೆಕ್ಕಿನ ಹತ್ಯೆಗೆ ಪ್ರಾಯಶ್ಚಿತ್ತ ವಿಧಿಸಿದೆ. ಕೊಪ್ಪಳ, ಗಂಗಾವತಿಗಳ ಮುಸ್ಲಿಂ ಮನೆಗಳಲ್ಲಿ ಬೆಕ್ಕು ಅಶುದ್ಧವಲ್ಲದ, ಮನೆಯೊಳಗೆ ಓಡಾಡಬಲ್ಲ ಪ್ರಾಣಿ. ಬೆಕ್ಕೊಂದನ್ನು ಕೂಡಿಹಾಕಿ, ತಾನೂ ಉಣಿಸದೆ, ಹೊರಗೆ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿಗೆ ನರಕಶಿಕ್ಷೆಯಾಯಿತೆಂದು ಹದೀಸು ಹೇಳುತ್ತದೆ. ದುರಸ್ತಿಯ ಗಡಿಬಿಡಿಯಲ್ಲಿ ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿ ಮರೆತುಬಿಡುವ ಇಂದಿನ ಮನೆಗಳಿಗೆ ಇದಕ್ಕಿಂತ ನೇರವಾಗಿ ತಾಗುವ ಮಾತು ಇನ್ನೊಂದಿಲ್ಲ. ಬೆಕ್ಕು ಅಡ್ಡಬಂದರೆ ಅಪಶಕುನ ಎಂಬ ನಂಬಿಕೆ ಇದೇ ಊರುಗಳಲ್ಲಿ ಇದರ ಜೊತೆಜೊತೆಗೇ ಬಾಳಿದೆ. ದಾರಿಯಲ್ಲಿ ಕಂಡರೆ ಅಂಜಿಕೆ, ಮನೆಯಲ್ಲಿದ್ದರೆ ಅಕ್ಕರೆ.

ಗಂಗಾವತಿ ಬಳಿ ತುಂಗಭದ್ರೆಯ ದಡದಲ್ಲಿರುವ ಆನೆಗುಂದಿಯ ಎದುರಿಗೇ ಇರುವ ವಿಜಯನಗರಕ್ಕೆ ಸೇರಿದ ತೆನಾಲಿ ರಾಮಕೃಷ್ಣನ ಕಥೆಯೊಂದು ಎಲ್ಲರಿಗೂ ಗೊತ್ತು. ರಾಜಧಾನಿಯಲ್ಲಿ ಇಲಿಗಳು ಹೆಚ್ಚಿದಾಗ ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೊಂದು ಆಕಳು ಕೊಡಿಸಿದ. ರಾಮಕೃಷ್ಣ ಸುಡುವ ಹಾಲಿಟ್ಟು ತನ್ನ ಬೆಕ್ಕು ಹಾಲು ಕಂಡರೆ ಓಡುವಂತೆ ಮಾಡಿದ. ಇದು ಜನಪದರ ಕಥೆ, ಶಾಸನದ ದಾಖಲೆಯಲ್ಲ. ಆದರೂ ಬೆಕ್ಕಿನ ಬಗ್ಗೆ ಎರಡು ನಿಜಗಳನ್ನು ಅದು ಹಿಡಿದಿಟ್ಟಿದೆ: ನಗರದ ಕಾಳು ಉಳಿಯಲು ಬೆಕ್ಕು ಬೇಕು ಎಂಬುದು ಒಂದು, ಒಮ್ಮೆ ನೊಂದ ಜಾಗ ಮತ್ತು ವಸ್ತುವನ್ನು ಬೆಕ್ಕು ಬಹುಕಾಲ ಮರೆಯುವುದಿಲ್ಲ ಎಂಬುದು ಇನ್ನೊಂದು.

ಇಲಿ ಮತ್ತು ಬೆಕ್ಕಿನ ಲೆಕ್ಕಕ್ಕೆ ಸಾವುಬದುಕಿನ ತೂಕ ಬಂದದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ, ಗದಗಗಳನ್ನು ಹಿಡಿಯಿತು. ಗದಗದಿಂದ ಕೊಪ್ಪಳದ ಮೂಲಕ ಹೊಸಪೇಟೆಗೆ ರೈಲು ಓಡುತ್ತಿದ್ದ ಕಾಲ ಅದು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುವುದನ್ನು ಉತ್ತರ ಕರ್ನಾಟಕದ ಜನ ಕಲಿತದ್ದು ಆಗ. ಖಾಲಿಯಾದ ಮನೆಗಳಿಗೆ ಸುಣ್ಣ ಹೊಡೆಯುವುದು, ನೆಲ ಅಗೆದು ಶುಚಿಗೊಳಿಸುವುದು, ಬಿಸಿಲು ಬೀಳಲೆಂದು ಚಾವಣಿ ತೆರೆಯುವುದು ಪ್ಲೇಗು ಕ್ರಮಗಳ ಭಾಗವಾಗಿದ್ದವು. ಮನೆಯನ್ನೇ ಬಿಟ್ಟುಹೋಗಿ ಇಂಥ ಕೆಲಸಕ್ಕೆ ಒಪ್ಪಿಸುವ ಅನುಭವ ಸೀಮೆಗೆ ಹೊಸದು. ಹೀಗೆ ಊರು ಬಿಟ್ಟಾಗ ನಾಯಿ ಯಜಮಾನನ ಹಿಂದೆ ಹೊಲಕ್ಕೆ ಹೋಗುತ್ತದೆ, ಬೆಕ್ಕು ಮನೆಯ ಗೋಡೆಗೆ ಅಂಟಿಕೊಳ್ಳುತ್ತದೆ.

ಇಲಿಯ ಮೈಮೇಲಿನ ಚಿಗಟ ಪ್ಲೇಗನ್ನು ದಾಟಿಸುತ್ತದೆ ಎಂದು ಪೌಲ್-ಲೂಯಿ ಸಿಮೊಂ 1898ರಲ್ಲಿ ಕರಾಚಿಯಲ್ಲಿ ತೋರಿಸಿದ. ಹತ್ತು ವರ್ಷಗಳ ನಂತರ, 1908ರಲ್ಲಿ, ಅಮರಾವತಿಯಲ್ಲಿ ವೈದ್ಯಾಧಿಕಾರಿಯಾಗಿದ್ದ ಆಂಡ್ರ್ಯೂ ಬ್ಯೂಕ್ಯಾನನ್, ಬೆಕ್ಕು ಹೆಚ್ಚಿರುವ ಮನೆಗಳಿಗೆ ಪ್ಲೇಗು ಕಡಿಮೆ ಎಂದು ವಾದಿಸಿ ಬೆಕ್ಕು ಸಾಕಲು ಜನರನ್ನು ಒತ್ತಾಯಿಸಿದ. ವಾದದಲ್ಲಿ ಹುರುಳಿದ್ದರೂ ಅದು ಪೂರ್ಣವಲ್ಲ. ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯನಿಗೆ ದಾಟಲೂಬಹುದು ಎಂಬುದು ಮುಂದೆ ಸ್ಥಿರವಾಯಿತು. ಆದರೂ ಹಳ್ಳಿಯ ಮನೆಗಳು ಶತಮಾನಗಳಿಂದ ಮಾಡಿಕೊಂಡು ಬಂದದ್ದನ್ನು ವೈದ್ಯಶಾಸ್ತ್ರ ಗಂಭೀರವಾಗಿ ಪರಿಶೀಲಿಸಿದ ಅಪರೂಪದ ಘಟ್ಟ ಅದು.

ಗಂಗಾವತಿಯ ಚಿತ್ರ ಬದಲಾದದ್ದು ತುಂಗಭದ್ರಾ ಅಣೆಕಟ್ಟೆಯಿಂದ. 1945ರಲ್ಲಿ ಅಡಿಗಲ್ಲು ಬಿದ್ದು, ಈ ಸೀಮೆ ಸೇರಿದ್ದ ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾಗಿ, 1953ರಲ್ಲಿ ಅಣೆಕಟ್ಟೆ ನೀರು ಹಿಡಿಯಿತು. ಹಿನ್ನೀರಿನಲ್ಲಿ ಕೊಪ್ಪಳ ಭಾಗದ ಊರುಗಳೂ ಮುಳುಗಿದವು. ಎಡದಂಡೆ ಕಾಲುವೆಯ ಕೆಳಗೆ ಜೋಳದ ಹೊಲ ಭತ್ತದ ಗದ್ದೆಯಾಯಿತು, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಎದ್ದವು, ಗಂಗಾವತಿ ಮತ್ತು ಕಾರಟಗಿಗಳಲ್ಲಿ ಅಕ್ಕಿ ಗಿರಣಿಗಳು ತುಂಬಿದವು. ಗದ್ದೆ, ಗಿರಣಿ, ಗೋದಾಮು ಇರುವಲ್ಲಿ ಹೆಗ್ಗಣ ತಪ್ಪದು, ಹೆಗ್ಗಣ ಇರುವಲ್ಲಿ ಬೆಕ್ಕಿಗೆ ಕೆಲಸ ತಪ್ಪದು. ಮನೆಗಳ ರೂಪ ಮಾತ್ರ ಬೇರೆಯಾಯಿತು. ನೀರಾವರಿಯ ಹಣ ಮೊದಲು ಬಂದ ಗಂಗಾವತಿಯಲ್ಲಿ ಆರ್‌ಸಿಸಿ ಮನೆಯೂ ಮೊದಲು ಬಂತು. ಯಲಬುರ್ಗಾ, ಕುಷ್ಟಗಿಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಇನ್ನೂ ಹಲವು ದಶಕ ಉಳಿಯಿತು. ಆನೆಗುಂದಿಯದು ಬೇರೆ ಕಥೆ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದ್ದರಿಂದ ಅಲ್ಲಿ ಮನೆ ಕೆಡವಿ ಕಟ್ಟಲು ಅನುಮತಿ ಬೇಕು.

ಉಳಿದೆಡೆ ಮಾಳಿಗೆ ಮನೆಯ ಅಳಿವಿಗೆ ಎರಡು ಕಾರಣ. ಸರ್ಕಾರಿ ವಸತಿ ಯೋಜನೆಗಳು ಒಂದು: 1985ರ ಇಂದಿರಾ ಆವಾಸ್, ಅನಂತರ ರಾಜ್ಯದ ಆಶ್ರಯ ಯೋಜನೆ, ಮುಂದೆ ಪ್ರಧಾನಮಂತ್ರಿ ಆವಾಸ್. ಇವೆಲ್ಲ ಇಟ್ಟಿಗೆ-ಸಿಮೆಂಟಿನ ಬಿಡಿ ಬಿಡಿ ಮನೆಗಳು. ಇನ್ನೊಂದು 2009ರ ಮಳೆ. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಬಿಡದೆ ಸುರಿದ ಮಳೆ ನೆನೆದ ಮಣ್ಣಿನ ಗೋಡೆಗಳನ್ನು ಕೆಡವಿತು. ಬಿದ್ದ ಮನೆಯನ್ನು ಮತ್ತೆ ಮಣ್ಣಿನಲ್ಲಿ ಕಟ್ಟುವ ಧೈರ್ಯ ಯಾರಿಗೂ ಉಳಿಯಲಿಲ್ಲ; ಕರಲು ಮಣ್ಣು ತಂದು ತುಳಿಯಬಲ್ಲ ಕೈಗಳೂ ಕಡಿಮೆಯಾಗಿದ್ದವು. ಬದುಕುಳಿಯಲು ಗಟ್ಟಿ ಮನೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓಣಿಯುದ್ದ ಹಬ್ಬಿದ್ದ ಮಾಳಿಗೆಯ ಬಯಲು ತುಂಡಾಯಿತು, ಬೆಳಕಿಂಡಿ ಹೋಯಿತು, ಕಿಟಕಿಗೆ ಸೊಳ್ಳೆಪರದೆಯ ಜಾಳಿಗೆ ಬಂತು. ಬೆಕ್ಕಿಗೆ ಒಳಹೊರಗಿನ ದಾರಿ ಎಂದರೆ ಈಗ ಮನುಷ್ಯ ತೆರೆಯುವ ಬಾಗಿಲೊಂದೇ.

ದುರಸ್ತಿಯ ಸ್ವರೂಪವೂ ಬದಲಾಯಿತು. ಈಗ ಕೆಲಸ ಹಿಡಿದರೆ ನೆಲ, ಗೋಡೆ, ಬಾಗಿಲು, ವೈರಿಂಗ್, ಪೈಪು ಎಲ್ಲ ಒಟ್ಟಿಗೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಹೊಸ ಮುಖಗಳು ಬಂದುಹೋಗುತ್ತವೆ. ಇಳಕಲ್-ಕುಷ್ಟಗಿ ಸೀಮೆಯ ಗ್ರಾನೈಟನ್ನೋ ಟೈಲ್ಸನ್ನೋ ಕೊಯ್ಯುವ ಕಟ್ಟರಿನ ಸದ್ದು ಮನುಷ್ಯನಿಗೇ ಅಸಹನೀಯ. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ವರೆಗೆ ಕೇಳಿದರೆ ಬೆಕ್ಕಿನ ಕಿವಿ 60 ದಾಟಿ ಕೇಳುತ್ತದೆ. ಗೋಡೆ ಕೆರೆದಾಗ, ಬಣ್ಣ ಬಳಿದಾಗ ಬೆಕ್ಕಿನ ಗಂಧದ ಗುರುತುಗಳೆಲ್ಲ ಒಂದೇ ವಾರದಲ್ಲಿ ಅಳಿಯುತ್ತವೆ. ಇಂಥ ಹೊತ್ತಿನಲ್ಲಿ ಬೆಕ್ಕು ಉಣ್ಣುವುದನ್ನು ಬಿಡುವುದು, ಅಡಗಿ ಕೂರುವುದು, ಕಂಡಕಂಡಲ್ಲಿ ಉಚ್ಚೆ ಹೊಯ್ಯುವುದು ಹಟದಿಂದಲ್ಲ, ಭಯದಿಂದ. ಎರಡು-ಮೂರು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತು ಕೊಬ್ಬು ಕಟ್ಟಿ ಕೆಡುವ ಸಂಭವವಿರುವುದರಿಂದ ಉಪವಾಸವನ್ನು ಹಗುರವಾಗಿ ಕಾಣುವಂತಿಲ್ಲ.

ಆದ್ದರಿಂದ ಇಂದಿನ ಜೋಪಾನ ಕೆಲಸ ಶುರುವಾಗುವ ಮೊದಲೇ ಆರಂಭವಾಗಬೇಕು. ರೇಬೀಸ್ ಲಸಿಕೆ ಹಾಕಿಸಿರದಿದ್ದರೆ ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಯಲ್ಲಿ ಹಾಕಿಸುವುದು ಮೊದಲ ಕೆಲಸ. ಬೆದರಿದ ಬೆಕ್ಕು ಗೌಂಡಿಯನ್ನೋ ಕೂಲಿಯವರನ್ನೋ ಪರಚಿದರೆ ಇಬ್ಬರಿಗೂ ತೊಂದರೆ. ಎರಡನೆಯದು, ಕಡೆಗೆ ಕೈಹಾಕುವ ಒಂದು ಕೋಣೆಯನ್ನು ಬೆಕ್ಕಿಗೆ ಮೀಸಲಿಡುವುದು. ಅಲ್ಲಿರಬೇಕಾದದ್ದು ಬೆಕ್ಕು ಮಲಗುವ ಹಳೆಯ ಕೌದಿ, ನೀರಿನ ಬಟ್ಟಲು, ಉಸುಕು ಅಥವಾ ಬೂದಿ ತುಂಬಿದ ತಟ್ಟೆ, ಅಡಗಲು ಒಂದು ಹೆಡಿಗೆ ಅಥವಾ ರಟ್ಟಿನ ಪೆಟ್ಟಿಗೆ. ಕೌದಿಯನ್ನು ಒಗೆಯದೆ ಇಡಬೇಕು, ಬೆಕ್ಕಿನ ಧೈರ್ಯ ಆ ವಾಸನೆಯಲ್ಲಿದೆ. ಕೆಲಸ ಶುರುವಾಗುವ ಕೆಲವು ದಿನ ಮೊದಲೇ ಊಟವನ್ನು ಆ ಕೋಣೆಯಲ್ಲೇ ಹಾಕುತ್ತ ಬಂದರೆ ಬಾಗಿಲು ಮುಚ್ಚುವ ದಿನ ಅದಕ್ಕೆ ಸೆರೆ ಎನಿಸುವುದಿಲ್ಲ. ಬಾಗಿಲ ಮೇಲೆ ‘ಒಳಗೆ ಬೆಕ್ಕಿದೆ’ ಎಂದು ದೊಡ್ಡದಾಗಿ ಬರೆದು ಅಂಟಿಸಿದರೆ ಕೆಲಸದವರೂ ಎಚ್ಚರ ವಹಿಸುತ್ತಾರೆ.

ಬೇಸಿಗೆಯ ಕೆಲಸದಲ್ಲಿ ಒಂದು ತಪ್ಪು ಪ್ರಾಣಕ್ಕೇ ಎರವಾಗುತ್ತದೆ: ಬೆಕ್ಕನ್ನು ತಗಡಿನ ಶೆಡ್ಡಿನಲ್ಲಿ ಬಿಡುವುದು. ಮಣ್ಣಿನ ಮಾಳಿಗೆಯ ಕೆಳಗೆ ಏಪ್ರಿಲ್-ಮೇ ತಿಂಗಳೂ ತಂಪಾಗಿರುತ್ತಿತ್ತು. ತಗಡಿನ ಕೆಳಗೆ ಹೊರಗಿನ 40 ಡಿಗ್ರಿಗಿಂತಲೂ ಬಿಸಿ ಏರುತ್ತದೆ. ಬೆಕ್ಕಿನ ಸಹಜ ಮೈಶಾಖ 38ರಿಂದ 39 ಡಿಗ್ರಿ, ಅದು ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕೂಡಲೇ ನೆರಳಿಗೆ ತಂದು, ಮೈ ಒದ್ದೆ ಮಾಡಿ, ಗಾಳಿ ಹಾಕಿ, ವೈದ್ಯರ ಬಳಿ ಒಯ್ಯಬೇಕು.

ವಿಷಗಳ ಮಾತು ಇನ್ನೂ ಮುಖ್ಯ. ಹಳೆಯ ಗೋಡೆ ಒಡೆದಾಗ ಹೆಗ್ಗಣಗಳು ಬಿಲ ಬಿಟ್ಟು ಹೊರಬೀಳುತ್ತವೆ, ಮನೆಯವರು ಅಂಗಡಿಯಿಂದ ಇಲಿಪಾಷಾಣ ತಂದಿಡುತ್ತಾರೆ. ಸತು ಫಾಸ್ಫೈಡ್ ಆಗಲಿ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೊಮಾಡಿಯೊಲೋನ್ ಆಗಲಿ, ವಿಷ ತಿಂದು ತೂರಾಡುವ ಇಲಿಯನ್ನು ಹಿಡಿದು ತಿಂದ ಬೆಕ್ಕನ್ನೂ ಕೊಲ್ಲಬಲ್ಲವು. ಬೆಕ್ಕಿರುವ ಮನೆಯಲ್ಲಿ ದುರಸ್ತಿಯ ಕಾಲಕ್ಕೆ ಬೋನು ಮಾತ್ರ ಬಳಸಬೇಕು. ಗೆದ್ದಲಿಗೆ ಸಿಂಪಡಿಸುವ ಔಷಧಗಳಲ್ಲಿ ಪರ್ಮೆಥ್ರಿನ್ ಗುಂಪಿನವು ನಾಯಿ ತಾಳಿಕೊಂಡರೂ ಬೆಕ್ಕಿಗೆ ನಂಜು. ಕಾರಣ ಬೆಕ್ಕಿನ ಯಕೃತ್ತಿನಲ್ಲಿದೆ: ಇಂಥ ಅನೇಕ ವಸ್ತುಗಳನ್ನು ಕರಗಿಸಿ ಹೊರಹಾಕುವ ಕ್ರಿಯೆ ಅದರಲ್ಲಿ ಬಹಳ ದುರ್ಬಲ. ಕೆಲಸ ಮುಗಿದ ಮೇಲೆ ನೆಲ ಒರೆಸುವ ಫಿನಾಯಿಲ್ ಬೆಕ್ಕಿಗೆ ಕೆಡುಕಾಗುವುದೂ ಇದೇ ಕಾರಣಕ್ಕೆ. ಟರ್ಪೆಂಟೈನ್, ಥಿನ್ನರ್‌ಗಳು ಮೈಗೆ ತಾಗಿದರೂ ಕಷ್ಟ, ನೆಕ್ಕಿದರೂ ಕಷ್ಟ. ತುಪ್ಪಳಕ್ಕೆ ಬಣ್ಣ ತಾಗಿದರೆ ಥಿನ್ನರ್‌ನಿಂದ ಒರೆಸುವ ಬದಲು ಒಣಗಿದ ತುಪ್ಪಳವನ್ನು ಕತ್ತರಿಸಿ ತೆಗೆಯುವುದು ಕ್ಷೇಮ.

ಹಳೆಯ ಬಾಗಿಲು, ಕಿಟಕಿ, ಕಂಬಗಳ ಎನಾಮಲ್ ಬಣ್ಣ ಉಜ್ಜಿದಾಗ ಏಳುವ ದೂಳಿನ ಅಪಾಯ ಕಣ್ಣಿಗೆ ಕಾಣದ್ದು. ಮನೆಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸುವ ಭಾರತದ ನಿಯಮ ಹೊರಬಿದ್ದದ್ದು 2016ರಲ್ಲಿ. ಅದಕ್ಕೂ ಹಿಂದೆ ಬಳಿದ ಪದರಗಳಲ್ಲಿ ಸೀಸ ಎಷ್ಟಿದೆಯೋ ಹೇಳಲಾಗದು. ಆ ದೂಳು ತುಪ್ಪಳದ ಮೇಲೆ ಕೂರುತ್ತದೆ, ಬೆಕ್ಕು ದಿನವೂ ಬಹಳ ಹೊತ್ತು ಮೈ ನೆಕ್ಕಿಕೊಳ್ಳುತ್ತದೆ, ಸೀಸ ಹೊಟ್ಟೆ ಸೇರುತ್ತದೆ. ಅಂಬೆಗಾಲಿಡುವ ಕೂಸಿಗೂ ಇದೇ ಅಪಾಯ. ಉಜ್ಜುವ ಮೊದಲು ಮರವನ್ನು ಒದ್ದೆ ಮಾಡಿಕೊಂಡು, ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದರೆ ದೂಳು ಬಹಳಷ್ಟು ಅಡಗುತ್ತದೆ.

ಅಂಗಳದ ಉಸುಕಿನ ರಾಶಿ ಬೆಕ್ಕಿಗೆ ತಾನಾಗಿ ಒದಗಿದ ಶೌಚದ ಜಾಗ. ಬೆಕ್ಕಿನ ಹೇಲಿನಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು. ಹೊರಬಿದ್ದು ಒಂದರಿಂದ ಐದು ದಿನಗಳಲ್ಲಿ ಅದು ಸೋಂಕು ತಗಲಿಸುವ ಸ್ಥಿತಿಗೆ ಬರುತ್ತದೆ. ಉಸುಕು ಸೋಸುವ, ಹೊರುವ ಕೆಲಸದಲ್ಲಿ ಹೆಂಗಸರೇ ಹೆಚ್ಚು, ಅವರಲ್ಲಿ ಗರ್ಭಿಣಿಯರೂ ಇರುತ್ತಾರೆ. ಗರ್ಭದ ಕೂಸಿಗೆ ಈ ಸೋಂಕು ಗಂಡಾಂತರ ತರಬಲ್ಲದು. ಸಂಜೆ ಕೆಲಸ ಬಿಟ್ಟ ಕೂಡಲೇ ರಾಶಿಗೆ ತಾಡಪತ್ರಿ ಹೊದಿಸಿ ಅಂಚಿಗೆ ಕಲ್ಲಿಡುವುದು ಬೆಕ್ಕಿನ ಯಜಮಾನರು ಕೂಲಿಯವರಿಗೆ ಸಲ್ಲಿಸಬೇಕಾದ ಕರ್ತವ್ಯ. ಕೈ ತೊಳೆಯಲು ಸಾಬೂನು, ನೀರು ಇಡುವುದೂ ಅದರಲ್ಲೇ ಸೇರಿದೆ.

ಮುಚ್ಚುವ ಕೆಲಸಗಳ ಮೊದಲು ಬೆಕ್ಕು ಎಲ್ಲಿದೆ ಎಂದು ಕಣ್ಣಾರೆ ನೋಡಬೇಕು. ಯುರೋಪಿನ ಹಳೆಯ ಕಟ್ಟಡಗಳನ್ನು ಕೆಡವುವಾಗ ಗೋಡೆಯ ಒಳಗೆ, ನೆಲದ ಅಡಿಗೆ ಒಣಗಿ ಕಟ್ಟಿಗೆಯಾದ ಬೆಕ್ಕುಗಳು ಸಿಗುತ್ತವೆ. ಇಲಿ ಮತ್ತು ದುಷ್ಟಶಕ್ತಿಗಳು ಬಾರದಿರಲೆಂದು ಬೇಕೆಂದೇ ಇಟ್ಟವು ಕೆಲವು, ಸಿಕ್ಕಿಕೊಂಡು ಸತ್ತವು ಕೆಲವು. ಇಂದು ಪಿಒಪಿ ಚಾವಣಿ ಕೂರಿಸುವಾಗ, ಅಟ್ಟಕ್ಕೆ ಹಲಗೆ ಬಡಿಯುವಾಗ, ಪೈಪಿನ ಕಾಲುವೆ ಮುಚ್ಚುವಾಗ, ಸೆಂಟ್ರಿಂಗ್ ಹಲಗೆಗಳನ್ನು ಲಾರಿಗೆ ಹೇರುವಾಗ ಬೆಕ್ಕು ಒಳಗೆ ಸಿಕ್ಕಿಬೀಳುವ ಸಾಧ್ಯತೆ ನಿಜವಾದದ್ದು. ಕ್ಯೂರಿಂಗಿಗೆಂದು ತುಂಬಿಟ್ಟ ನೀರಿನ ತೊಟ್ಟಿಗೆ ಬಿದ್ದರೆ ನುಣುಪಾದ ಗೋಡೆ ಹತ್ತಲಾಗದು. ಒಳಗೆ ಒಂದು ಒರಟು ಹಲಗೆಯನ್ನು ಓರೆಯಾಗಿ ಇಳಿಬಿಟ್ಟರೆ ಬೆಕ್ಕಷ್ಟೇ ಅಲ್ಲ, ಅಳಿಲು-ಓತಿಕ್ಯಾತಗಳೂ ಬದುಕುತ್ತವೆ. ಹಸಿ ಸಿಮೆಂಟ್ ತುಳಿದು ಬಂದರೆ ನೆಕ್ಕಲು ಬಿಡದೆ ಪಾದಗಳನ್ನು ಧಾರಾಳ ನೀರಿನಲ್ಲಿ ತೊಳೆಯಬೇಕು.

ಮನೆಯವರೇ ಬಾಡಿಗೆ ಮನೆಗೆ ಹೋಗುವುದಾದರೆ ಬೆಕ್ಕನ್ನೂ ಒಯ್ಯಬೇಕು, ಹಳೆಯ ಮನೆಯಲ್ಲಿ ಬಿಟ್ಟು ದಿನಕ್ಕೊಮ್ಮೆ ಬಂದು ರೊಟ್ಟಿ-ಹಾಲು ಹಾಕಿದರೆ ಸಾಲದು. ಗೋಣಿಚೀಲದಲ್ಲಿ ಕಟ್ಟಿ ಒಯ್ಯುವ ಹಳೆಯ ರೂಢಿ ಈ ಕಾಲಕ್ಕೆ ಬೇಡ. ಗಾಳಿಯಾಡುವ ಮುಚ್ಚಳದ ಬುಟ್ಟಿ ಸಾಕು. ಹೊಸ ಜಾಗದಲ್ಲಿ ಎರಡು-ಮೂರು ವಾರ ಒಳಗೇ ಇಟ್ಟುಕೊಳ್ಳದಿದ್ದರೆ ಅದು ಹಳೆಯ ಮನೆಯ ದಿಕ್ಕು ಹಿಡಿದು ಹೊರಡುತ್ತದೆ, ರಸ್ತೆಯಲ್ಲಿ ಗಾಡಿಗೆ ಸಿಕ್ಕೀತು. ಕೆಲಸದ ನೆಪದಲ್ಲಿ ಬೆಕ್ಕನ್ನು ದೂರ ಒಯ್ದು ಬಿಟ್ಟುಬರುವವರೂ ಇದ್ದಾರೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು, ಹಸಿವು-ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಸಾಕುಪ್ರಾಣಿಯನ್ನು ತೊರೆಯುವುದನ್ನು ಅಪರಾಧವೆಂದು ಎಣಿಸುತ್ತದೆ. ಆದರೆ ಮೊದಲ ತಪ್ಪಿಗೆ ಅದು ವಿಧಿಸಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಚಿನ್ನದ ಬೆಕ್ಕಿನ ಪ್ರಾಯಶ್ಚಿತ್ತವನ್ನು ಕಲ್ಪಿಸಿದ ಹಿರಿಯರು ಈ ಅಪರಾಧವನ್ನು ಇದಕ್ಕಿಂತ ಎಷ್ಟೋ ದೊಡ್ಡದಾಗಿ ತೂಗಿದ್ದರು.

ಕೆಲಸ ಮುಗಿದು ಬಣ್ಣದ ಘಾಟು ಪೂರ್ತಿ ಹೋದ ಮೇಲೆಯೇ ಬೆಕ್ಕನ್ನು ಹೊಸ ಕೋಣೆಗಳಿಗೆ ಬಿಡಬೇಕು. ರಷ್ಯಾದಲ್ಲಿ ಹೊಸ ಮನೆಯ ಹೊಸಿಲನ್ನು ಮೊದಲು ಬೆಕ್ಕಿನಿಂದ ದಾಟಿಸುವ ರೂಢಿ ಇದೆ. ನಮ್ಮಲ್ಲಿ ಗೃಹಪ್ರವೇಶದ ಆ ಗೌರವ ಆಕಳಿನದು. ಗೃಹಪ್ರವೇಶದ ದಿನ ಹೋಮದ ಹೊಗೆ, ನೆಂಟರ ಗದ್ದಲ, ಪಟಾಕಿಗಳ ನಡುವೆ ಬೆಕ್ಕನ್ನು ಹೊರಗೆ ತರುವುದು ತರವಲ್ಲ. ಮರುದಿನ ಒಂದೊಂದೇ ಕೋಣೆ ತೆರೆಯುತ್ತ, ಅದು ಮಲಗಿದ್ದ ಕೌದಿಯ ತುಂಡಿನಿಂದ ಹೊಸ ಬಾಗಿಲು, ಗೋಡೆಗಳ ಕೆಳಭಾಗವನ್ನು ಒರೆಸಿದರೆ ಹಳೆಯ ಗುರುತು ಮರಳುತ್ತದೆ. ಊಟದ ಜಾಗ ಮತ್ತು ಹೊತ್ತು ಹಿಂದಿನಂತೆಯೇ ಇರಲಿ. ಹೊಸ ಮನೆಯ ನಕ್ಷೆ ಬರೆಸುವಾಗಲೇ ಹಿತ್ತಿಲ ಬಾಗಿಲ ಕೆಳಗೆ ಅಥವಾ ಅಡುಗೆಮನೆಯ ಜಾಳಿಗೆಯಲ್ಲಿ ಒಂದು ಗೇಣು ಅಗಲದ ಕಿಂಡಿ ಬಿಡಿಸಿ, ರಾತ್ರಿ ಹಾವು-ಹೆಗ್ಗಣ ನುಸುಳದಂತೆ ಅದಕ್ಕೊಂದು ತಿರುಗುಮುಚ್ಚಳ ಕೂರಿಸಲು ಬಡಿಗರಿಗೆ ಅರ್ಧ ದಿನದ ಕೆಲಸ. ಬೆಳಕಿಂಡಿ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಈ ಕಿಂಡಿ ಮಾಡುತ್ತದೆ.